ಚಿತ್ರಕ್ಕಿಂತ ಮುಂಚೆ

ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಬಸವಂತ ಒಮ್ಮೆ ಕೇಳಿದ: "ಗುರುಗಳೇ, ಖಿನ್ನತೆ ಎಂಬುದನ್ನು ಐದು ವರ್ಷದ ಮಗುವಿಗೆ ತಿಳಿಸುವುದು ಹೇಗೆ? ನನ್ನ ತರಗತಿಯ ಮಗುವೊಂದರ ತಂದೆಗೆ ಆ ಕಾಯಿಲೆ. ಅದಕ್ಕೆಂದೇ ಚಿತ್ರಪುಸ್ತಕಗಳು ಬಂದಿವೆಯಂತೆ. ಒಂದನ್ನು ತಂದು ಓದಿ ಹೇಳಿದರೆ ಸಾಲದೆ?"

"ಓದುವುದಕ್ಕೇನು, ಓದು. ನಿನಗೆ ಓದಿ ಹೇಳುವ ಚಪಲ ಮೊದಲಿನಿಂದಲೂ ಇದೆ. ಅದಕ್ಕೆ ಮುಂಚೆ ಇದನ್ನು ಕೇಳು" ಎಂದು ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ಅವನ ಹೆಂಡತಿಯ ಮನಸ್ಸಿಗೆ ಮಂಕು ಕವಿಯಿತು. ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ. ವೈದ್ಯರು ಮದ್ದು ಕೊಟ್ಟರು. ಮಗಳು ಬಂದು, "ಅಮ್ಮನಿಗೆ ಏನಾಗಿದೆ?" ಎಂದು ಕೇಳಿದಳು. ಬಳೆಗಾರ, "ಏನಿಲ್ಲ ಪುಟ್ಟೀ, ಅಮ್ಮನಿಗೆ ಬೇಜಾರು" ಎಂದ. ಮಗುವಿಗೆ ತಿಳಿಯುವ ಮಾತನ್ನೇ ಹೇಳಿದೆ ಎಂದು ಅವನಿಗೆ ಸಮಾಧಾನವಾಯಿತು.

ಮಗುವಿಗೆ ತಿಳಿದದ್ದೇನೋ ನಿಜ. ಆದರೆ ಬೇಜಾರು ಎಂಬ ಮಾತು ನಮ್ಮಲ್ಲಿ ಎರಡು ಕಡೆ ದುಡಿಯುತ್ತದೆ. ಸುಮ್ಮನೆ ಮನಸ್ಸು ಕೆಟ್ಟರೂ ಬೇಜಾರು, ಯಾರಾದರೂ ಮನಸ್ಸು ನೋಯಿಸಿದರೂ ಬೇಜಾರು. ಆ ಮಗು ಬಲ್ಲದ್ದು ಎರಡನೆಯದನ್ನು ಮಾತ್ರ.

ಅಂದಿನಿಂದ ಅವಳು ಹಟ ಬಿಟ್ಟಳು. ತಿಂಡಿ ಕೇಳಲಿಲ್ಲ, ಆಡಲು ಹೋಗಲಿಲ್ಲ. ಎಷ್ಟು ಜಾಣೆ ಎಂದು ಓಣಿಯವರೆಲ್ಲ ಹೊಗಳಿದರು. ಅಪ್ಪನೂ ಹಿಗ್ಗಿದ, ಪುಣ್ಯಾತ್ಮ! ಆಮೇಲೆ ಅವಳು ಅಮ್ಮನ ಹತ್ತಿರ ಹೋಗುವುದನ್ನೂ ಬಿಟ್ಟಳು. ಮಗುವಿಗೂ ನಾನು ಬೇಡವಾದೆ ಎಂದುಕೊಂಡು ತಾಯಿ ಇನ್ನಷ್ಟು ಕುಗ್ಗಿದಳು.

ಬಳೆಗಾರ ಪೇಟೆಯಿಂದ ಒಂದು ಚಿತ್ರಪುಸ್ತಕ ತಂದ. ಅದರಲ್ಲಿ ತಾಯಾನೆಯೊಂದು ಮರದ ಕೆಳಗೆ ಮಲಗಿಬಿಡುತ್ತದೆ, ಹೊಳೆಗೂ ಹೋಗುವುದಿಲ್ಲ. ಮರಿ ಪಕ್ಕದಲ್ಲಿ ನಿಂತು ನೋಡುತ್ತದೆ. ಇದು ಮನಸ್ಸಿನ ಕಾಯಿಲೆ, ಜ್ವರ ಬಂದ ಹಾಗೆ ಎಂದು ಅವನು ದಿನವೂ ಓದಿ ಹೇಳುತ್ತಿದ್ದ. ಮಗಳು ತಲೆಯಾಡಿಸುತ್ತಿದ್ದಳು. ಅವನು ಪುಸ್ತಕ ಮುಚ್ಚುತ್ತಿದ್ದ.

ಒಂದು ದಿನ ಬೀದಿಯಲ್ಲಿ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. "ಇವತ್ತು ನೀನೇ ಹೇಳು" ಎಂದ. ಮಗಳಿಗೆ ಅಕ್ಷರ ಬಾರದು. ಚಿತ್ರದ ಮೇಲೆ ಬೆರಳಿಟ್ಟು ಹೇಳಿದಳು: "ಮರಿ ನೀರು ಚೆಲ್ಲಿತು. ಅಮ್ಮನಿಗೆ ಬೇಜಾರಾಯಿತು. ಮಲಗಿಬಿಟ್ಟಿತು. ಆಮೇಲೆ ಮರಿ ಹಟಾನೇ ಮಾಡಲಿಲ್ಲ. ಆದರೂ ಅಮ್ಮ ಏಳಲಿಲ್ಲ."

ಬಳೆಗಾರ ಹಾಳೆ ತಿರುವಿ ನೋಡಿದ. ನೀರು ಚೆಲ್ಲಿದ ಚಿತ್ರ ಎಲ್ಲಿಯೂ ಇರಲಿಲ್ಲ.

"ಮರಿ ನೀರು ಚೆಲ್ಲಿದ್ದು ಯಾವಾಗ ಪುಟ್ಟೀ?"

"ಈ ಚಿತ್ರಕ್ಕಿಂತ ಮುಂಚೆ."

ಅವನು ಪುಸ್ತಕ ಕೆಳಗಿಟ್ಟ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಮ್ಮನಿಗೆ ನಿನ್ನ ಮೇಲೆ ಬೇಜಾರಿಲ್ಲ ಕಂದಾ. ಇದು ನಿನ್ನಿಂದ ಬಂದದ್ದಲ್ಲ" ಎಂದ. ಮಗು ಅವನ ಮುಖ ನೋಡಿತು. "ಹಾಗಾದರೆ ನಾನು ಅಮ್ಮನ ಹತ್ತಿರ ಹೋಗಬಹುದಾ?" ಎಂದು ಕೇಳಿತು.

ಹೋಗಿ ಅಮ್ಮನ ಪಕ್ಕದಲ್ಲಿ ಮಲಗಿತು. ತಾಯಿ ಅಂದೇನೂ ಎದ್ದು ಕೂರಲಿಲ್ಲ. ಮಗುವಿನ ಬೆನ್ನ ಮೇಲೆ ಕೈ ಇಟ್ಟಳು, ಅಷ್ಟೇ. ಮದ್ದು ಹಿಡಿಯಲು ಇನ್ನೂ ಬಹಳ ಕಾಲ ಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಬಸವಂತ ಆಸೆಯಿಂದ ಕೇಳಿದ: "ಆ ಆನೆಯ ಪುಸ್ತಕ ಎಲ್ಲಿ ಸಿಗುತ್ತದೆ ಗುರುಗಳೇ? ನಾಳೆಯೇ ತರಿಸುತ್ತೇನೆ."

"ಪುಸ್ತಕ ಯಾವುದಾದರೂ ಆದೀತು, ನಿನ್ನ ತರಗತಿಯ ಆ ಮಗು ತಾನೇನು ತಪ್ಪು ಮಾಡಿದೆ ಅಂದುಕೊಂಡಿದೆ, ಕೇಳಿದ್ದೀಯಾ?"