ಲೇಯಮ್ಮನ ಹಿಡಿಯಕ್ಕಿ

"ಅಯ್ಯನವರೇ, ಸುಳ್ಳು ಬೋಧಕನನ್ನು ಗುರುತಿಸುವುದು ಹೇಗೆ?"

ಎಲೀಷ ಕೇಳಿದ ಧಾಟಿಯಲ್ಲಿ ಪ್ರಶ್ನೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಅವನು ತನ್ನ ಊರಿನ ಸಭೆಗೆ ಹಿರಿಯ, ಅಲ್ಲಿನ ಉಪದೇಶಿಯ ಯೋಗಕ್ಷೇಮ ಅವನ ಹೊಣೆ. ವಾರಕ್ಕೊಮ್ಮೆ ಸತ್ಯಮಿತ್ರ ಅಯ್ಯನವರ ಬಳಿ ದೇವರ ವಾಕ್ಯ ಕಲಿಯಲು ಬರುತ್ತಿದ್ದ. ಆ ದಿನ ಬಂದವನು ಕುಳಿತುಕೊಳ್ಳಲೂ ಇಲ್ಲ.

"ಈ ವರ್ಷ ಇವನು ಮೂರನೆಯವನು. ನಮ್ಮ ಮಾತುಗಳನ್ನೇ ಆಡುತ್ತಾನೆ. ನಮ್ಮ ಹಾಡುಗಳನ್ನೇ ನಮಗಿಂತ ಚೆನ್ನಾಗಿ ಹಾಡುತ್ತಾನೆ. ಬೇಕೆಂದಾಗ ಕಣ್ಣೀರೂ ಬರುತ್ತದೆ. ಜನ ಅವನ ಹಿಂದೆಯೇ ಹೋಗುತ್ತಾರೆ. ನಾನು ಬೇಡವೆಂದರೆ ನನಗೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ನೋಡಿದ ಕೂಡಲೇ ತಿಳಿಯುವಂಥ ಒಂದು ಗುರುತು ಹೇಳಿಕೊಡಿ."

ಅಯ್ಯನವರಿಗೂ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. "ಮೊದಲು ಕುಳಿತುಕೊ," ಎಂದು ಗದರಿಸಿ, ಕತೆ ಹೇಳತೊಡಗಿದರು.

ಹೊಳೆ ಸಮುದ್ರ ಸೇರುವಲ್ಲಿ ಒಂದು ಊರಿತ್ತು. ಊರೆಂದರೆ ನಲವತ್ತು ಮನೆ. ಎಲ್ಲರೂ ಚಿಪ್ಪು ಸುಟ್ಟು ಸುಣ್ಣ ಮಾಡುವವರು. ಅವರಿಗೊಂದು ಚಿಕ್ಕ ಪ್ರಾರ್ಥನಾಲಯವಿತ್ತು, ಒಬ್ಬ ಉಪದೇಶಿಯಿದ್ದ. ಭಾನುವಾರ ಆರಾಧನೆ ನಡೆಸುವವನು ಅವನೇ, ಮಕ್ಕಳಿಗೆ ಅಕ್ಷರ ಕಲಿಸುವವನು ಅವನೇ, ಕಾಯಿಲೆಯವರ ಪಕ್ಕದಲ್ಲಿ ಕೂರುವವನು ಅವನೇ, ಸತ್ತವರನ್ನು ಮಣ್ಣು ಮಾಡುವವನೂ ಅವನೇ. ಅವನಿಗೆ ಸಂಬಳ ಎಂಬುದು ಇರಲಿಲ್ಲ. ಪ್ರತಿ ಮನೆಯಲ್ಲೂ ಹೆಂಗಸರು ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಯಲ್ಲಿ ತೆಗೆದಿಡುತ್ತಿದ್ದರು. ಶನಿವಾರ ಲೇಯಮ್ಮ ಎಂಬ ಹೆಂಗಸು ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಆ ಅಕ್ಕಿಯನ್ನು ಕೂಡಿಸಿ ಉಪದೇಶಿಯ ಮನೆಗೆ ಮುಟ್ಟಿಸುತ್ತಿದ್ದಳು. ಒಂಬತ್ತು ವರ್ಷ ಹೀಗೆ ನಡೆಯಿತು.

ಉಪದೇಶಿ ಒಳ್ಳೆಯ ಪ್ರಸಂಗಿಯೇನೂ ಆಗಿರಲಿಲ್ಲ. ಹೇಳಿದ್ದನ್ನೇ ಹೇಳುತ್ತಿದ್ದ. ನಡುವೆ ಮಾತು ಮರೆತು ಸುಮ್ಮನೆ ನಿಂತುಬಿಡುತ್ತಿದ್ದ. ಗಂಡಸರು ತೂಕಡಿಸುತ್ತಿದ್ದರು. ಲೇಯಮ್ಮನಿಗೂ ಆ ಪ್ರಸಂಗ ಕೇಳುವಾಗ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಸಾಲದ್ದಕ್ಕೆ ಅವನು ಯಾರ ಮುಖವನ್ನೂ ನೋಡದೆ ತಪ್ಪನ್ನು ತಪ್ಪೆನ್ನುತ್ತಿದ್ದ. ಲೇಯಮ್ಮನ ಗಂಡ ಸುಣ್ಣಕ್ಕೆ ಬೂದಿ ಬೆರೆಸಿ ಮಾರುತ್ತಾನೆಂದು ತಿಳಿದಾಗ ಮನೆಗೇ ಬಂದು, "ಇದು ಕಳವು," ಎಂದಿದ್ದ. ಗಂಡ ಒಂದು ತಿಂಗಳು ಆರಾಧನೆಗೆ ಹೋಗಲಿಲ್ಲ. ಬೂದಿ ಬೆರೆಸುವುದನ್ನು ಮಾತ್ರ ಬಿಟ್ಟ.

ಒಮ್ಮೆ ಆ ಊರಿಗೆ ಒಬ್ಬ ಬೋಧಕ ಬಂದ. ದಡದಲ್ಲಿ ಶಾಮಿಯಾನ ಹಾಕಿಸಿದ. ಅವನು ಬಾಯಿ ತೆರೆದರೆ ತೂಕಡಿಸುವವರು ಎದ್ದು ಕೂರುತ್ತಿದ್ದರು. ಯಾರನ್ನೂ ಬಯ್ಯಲಿಲ್ಲ. "ನೀವು ಆಶೀರ್ವಾದದ ಜನ, ನಿಮ್ಮ ಆಶೀರ್ವಾದವನ್ನು ಯಾರೋ ಇಷ್ಟು ವರ್ಷ ಕಟ್ಟಿಹಾಕಿದ್ದಾರೆ," ಎಂದ. ಕೊನೆಗೆ ಕೇಳಿದ: "ಒಂಬತ್ತು ವರ್ಷದಿಂದ ನಿಮ್ಮ ಅನ್ನ ತಿನ್ನುತ್ತಿರುವವನ ಕೈಯಿಂದ ಒಂದಾದರೂ ಅದ್ಭುತ ನಡೆದಿದೆಯೇ? ಆ ಹಿಡಿಯಕ್ಕಿಯನ್ನು ಅಭಿಷೇಕವಿರುವ ಈ ಕೈಗೆ ಕೊಟ್ಟು ನೋಡಿ."

ಮುಂದಿನ ಶನಿವಾರ ಲೇಯಮ್ಮ ಬುಟ್ಟಿ ಹಿಡಿದು ಹೊರಟಳು. ಮೊದಲ ಮನೆಯಲ್ಲಿ ಮಡಕೆ ಖಾಲಿ. ಎರಡನೆಯ ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ, ಒಳಗೆ ಮಾತು ಕೇಳಿಸುತ್ತಿತ್ತು. ಮೂರನೆಯ ಮನೆಯವಳು, "ದೇವರಿಗೇ ಕೊಟ್ಟೆವಲ್ಲ ಲೇಯಕ್ಕಾ, ಯಾರ ಕೈಗೆ ಕೊಟ್ಟರೇನು?" ಎಂದಳು.

"ನಿನ್ನ ಮಾವ ಆರು ತಿಂಗಳು ಹಾಸಿಗೆ ಹಿಡಿದಿದ್ದಾಗ ಅವರ ಬೆನ್ನು ಒರೆಸಿದ್ದು ಯಾವ ಕೈ?" ಎಂದು ಲೇಯಮ್ಮ ಕೇಳಿದಳು.

ಅವಳು ನೆಲ ನೋಡಿದಳು. ಅಕ್ಕಿ ಮಾತ್ರ ಹಾಕಲಿಲ್ಲ.

ನಲವತ್ತು ಮನೆ ತಿರುಗಿದರೂ ಬುಟ್ಟಿಯ ತಳ ಮುಚ್ಚಲಿಲ್ಲ. ಲೇಯಮ್ಮ ಅದನ್ನು ಉಪದೇಶಿಯ ಮುಂದೆ ಕುಕ್ಕಿದಳು. "ನೀವೇ ನಾಳೆ ಎದ್ದುನಿಂತು ಹೇಳಿ. ಇಷ್ಟು ವರ್ಷ ನಿಮಗಾಗಿ ದುಡಿದಿದ್ದೇನೆ, ನನ್ನ ಮನೆಯಲ್ಲೂ ಅನ್ನ ಬೇಯಬೇಕು ಎಂದು ಬಾಯಿಬಿಟ್ಟು ಹೇಳಿ."

"ನನ್ನ ಹೊಟ್ಟೆಯ ಮಾತನ್ನು ಪ್ರಸಂಗಪೀಠದಲ್ಲಿ ಆಡಲು ನಾಚಿಕೆಯಾಗುತ್ತದಮ್ಮಾ," ಎಂದ ಉಪದೇಶಿ.

"ಹಾಗಾದರೆ ಆ ನಾಚಿಕೆಯನ್ನೇ ಬೇಯಿಸಿ ಮಕ್ಕಳಿಗೆ ಬಡಿಸಿ!" ಎಂದು ಲೇಯಮ್ಮ ಹೊರಟುಬಂದಳು. ದಾರಿಯುದ್ದಕ್ಕೂ ಬೈದಳು. ಬೋಧಕನನ್ನು ಬೈದಳು, ಊರನ್ನು ಬೈದಳು, ಎಲ್ಲರಿಗಿಂತ ಹೆಚ್ಚಾಗಿ ಈ ಬಾಯಿಲ್ಲದ ಮನುಷ್ಯನನ್ನು ಬೈದಳು.

ಎರಡು ವಾರ ಉಪದೇಶಿ ತಡೆದ. ಮೂರನೆಯ ವಾರ ಆಚೆ ದಡದ ಬಂದರಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಸೋಮವಾರ ದೋಣಿ ಹತ್ತಿದರೆ ಶನಿವಾರ ಸಂಜೆಯೇ ಬರುವುದು. ಊರಿನಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಶಾಮಿಯಾನದಲ್ಲಿ ದಿನವೂ ಹಾಡು ನಡೆಯುತ್ತಿತ್ತು.

ಅಂಥ ಒಂದು ಸೋಮವಾರ ಲೇಯಮ್ಮನ ಗಂಡ ಸುಟ್ಟ ಚಿಪ್ಪಿಗೆ ನೀರು ಹಾಕುತ್ತಿದ್ದ. ಸುಣ್ಣ ಕೊತಕೊತ ಕುದಿದು ಸಿಡಿಯಿತು. ಎರಡು ಕಣ್ಣಿಗೂ ಬಿತ್ತು. ಅವನ ಕೂಗು ಕೇಳಿ ಲೇಯಮ್ಮ ಓಡಿಬಂದಳು. ಸುಣ್ಣ ಬಿದ್ದರೆ ಉಜ್ಜಬೇಡಿ, ನೀರು ಹೊಯ್ಯುತ್ತಲೇ ಇರಿ ಎಂದು ಉಪದೇಶಿ ಪ್ರತಿ ವರ್ಷ ಭಟ್ಟಿ ಹೊತ್ತಿಸುವ ಮೊದಲು ಹೇಳುತ್ತಿದ್ದ. ಹೇಳಿದ್ದನ್ನೇ ಹೇಳುತ್ತಾನೆಂದು ಜನ ಬೇಸರಪಡುತ್ತಿದ್ದರಲ್ಲ, ಆ ಮಾತು ಲೇಯಮ್ಮನ ನೆನಪಿನಲ್ಲಿ ಉಳಿದದ್ದು ಹಾಗೆಯೇ. ಕೊಡಗಟ್ಟಲೆ ನೀರು ಹೊಯ್ದಳು. ಅವನನ್ನು ದೋಣಿಗೆ ಹತ್ತಿಸಿ ಆಚೆ ದಡದ ಆಸ್ಪತ್ರೆಗೆ ಒಯ್ದಳು. ವೈದ್ಯರು ನೋಡಿ, "ನೀರು ಹಾಕಿದ್ದು ಒಳ್ಳೆಯದಾಯಿತು. ಎರಡೂ ಕಣ್ಣು ಉಳಿಯಬಹುದು," ಎಂದರು. ಔಷಧಿ ಹಾಕಿ ಪಟ್ಟಿ ಕಟ್ಟಿದರು. ಒಂದು ವಾರ ಬಿಡದೆ ಔಷಧಿ ಹಾಕಬೇಕೆಂದು ಸೀಸೆ ಕೊಟ್ಟರು.

ಮರುದಿನ ಗಂಡ ಶಾಮಿಯಾನಕ್ಕೆ ಹೋಗಬೇಕೆಂದು ಹಟ ಹಿಡಿದ. ಲೇಯಮ್ಮ ಬೇಡವೆಂದಳು. ನೆರೆಯವರು ಅವನ ಕೈಹಿಡಿದು ಕರೆದೊಯ್ದರು. ಬೋಧಕ ಪಟ್ಟಿ ಬಿಚ್ಚಿಸಿದ. ಕಣ್ಣಿಗೆ ಎಣ್ಣೆ ಹಚ್ಚಿದ. "ನಂಬಿಕೆ ಇರುವ ಮನೆಯಲ್ಲಿ ಔಷಧಿಗೆ ಜಾಗವಿಲ್ಲ. ಏನು ಕಾಣುತ್ತದೆ, ಹೇಳು!" ಎಂದ.

"ಬೆಳಕು! ಬೆಳಕು ಕಾಣುತ್ತದೆ!" ಎಂದು ಗಂಡ ಕೂಗಿದ. ಜನ ಚಪ್ಪಾಳೆ ತಟ್ಟಿದರು, ಅತ್ತರು.

ನಡುಹಗಲು ಪಟ್ಟಿ ಬಿಚ್ಚಿದರೆ ಯಾರಿಗೆ ಬೆಳಕು ಕಾಣುವುದಿಲ್ಲ? ಹಿಂದೆಯೇ ಬಂದಿದ್ದ ಲೇಯಮ್ಮ ಸೀಸೆ ಹಿಡಿದು ಹತ್ತಿರ ಹೋದಳು. ಗಂಡ ಅವಳ ಕೈ ತಳ್ಳಿಬಿಟ್ಟ. "ನಿನ್ನ ಅವಿಶ್ವಾಸದಿಂದ ನನ್ನ ಕಣ್ಣು ಕಳೆಯಬೇಡ," ಎಂದ. ಮನೆಯಲ್ಲಿ ಬೇಡಿದಳು, ಬೈದಳು, ಮಲಗಿದ್ದಾಗ ಔಷಧಿ ಹಾಕಲು ನೋಡಿದಳು. ಅವನು ಎಚ್ಚೆತ್ತು ಸೀಸೆಯನ್ನು ಗೋಡೆಗೆ ಎಸೆದ. ಅವನಿಗೆ ಎದುರು ನಿಂತು ಮಾತಾಡಿ ಅವನನ್ನು ಬಗ್ಗಿಸಬಲ್ಲ ಮನುಷ್ಯ ಊರಿಗೆಲ್ಲ ಒಬ್ಬನೇ ಇದ್ದ. ಅವನು ಆಚೆ ದಡದಲ್ಲಿ ಮೂಟೆ ಹೊರುತ್ತಿದ್ದ.

ಲೇಯಮ್ಮ ದೋಣಿಯವನ ಕೈಯಲ್ಲಿ ಎರಡು ಸಲ ಹೇಳಿಕಳುಹಿಸಿದಳು. ಬಂದರಿನಲ್ಲಿ ಮೂಟೆ ಹೊರುವವರು ನೂರಾರು ಮಂದಿ. ಸುದ್ದಿ ಮುಟ್ಟುವ ಹೊತ್ತಿಗೆ ಶನಿವಾರವಾಗಿತ್ತು. ಉಪದೇಶಿ ಹೆಗಲ ಮೇಲಿನ ಮೂಟೆ ಇಳಿಸಿದವನೇ ದೋಣಿ ಹತ್ತಿ ಬಂದ. ಲೇಯಮ್ಮನ ಗಂಡನ ಮುಂದೆ ಕುಳಿತು, "ಏಳು," ಎಂದ. ಗಂಡ ಮಾತಿಲ್ಲದೆ ಎದ್ದ. ಆಗ ಅವನ ಕಣ್ಣುಗಳಿಂದ ಕೀವು ಸುರಿಯುತ್ತಿತ್ತು. ಆಚೆ ದಡದ ಆಸ್ಪತ್ರೆಯಲ್ಲಿ ವೈದ್ಯರು ನೋಡಿ ತಲೆಯಾಡಿಸಿದರು. ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಮಂಜಿನ ಹಾಗೆ ಏನೋ ಉಳಿಯಿತು.

ಊರಿನವರು ಬೋಧಕನನ್ನು ಕೇಳಿದರು. "ಆ ಮನೆಯ ಹೆಂಗಸು ಗುಟ್ಟಾಗಿ ಔಷಧಿ ಇಟ್ಟುಕೊಂಡಿದ್ದಳು. ಅವಿಶ್ವಾಸವಿದ್ದಲ್ಲಿ ನಾನೇನು ಮಾಡಲಿ?" ಎಂದ. ಆ ವಾರವೇ ಶಾಮಿಯಾನ ಬಿಚ್ಚಿಸಿ ಹೊರಟುಹೋದ. ಅಕ್ಕಿಯ ಮೂಟೆಗಳು ಅವನ ಸಂಗಡವೇ ಹೋದವು.

ಆಮೇಲೆ ಹೆಂಗಸರು ತಾವಾಗಿಯೇ ಲೇಯಮ್ಮನ ಮನೆಗೆ ಅಕ್ಕಿ ತಂದರು. ಮೂರನೆಯ ಮನೆಯವಳು ಅಳುತ್ತಿದ್ದಳು. "ಅವನು ಸುಳ್ಳನೆಂದು ನಮಗೆ ಹೇಗೆ ಗೊತ್ತಾಗಬೇಕಿತ್ತು ಅಕ್ಕಾ? ಅವನ ಬಾಯಲ್ಲಿ ಬಂದದ್ದೆಲ್ಲ ದೇವರ ಮಾತೇ ಅಲ್ಲವೇ?"

ಲೇಯಮ್ಮನಿಗೆ ಬೈಯುವ ತ್ರಾಣವೂ ಉಳಿದಿರಲಿಲ್ಲ. "ಅವನನ್ನು ನೀವು ನೋಡಿದ್ದು ಒಂದು ತಿಂಗಳು. ಅವನ ವಿಷಯ ಗೊತ್ತಾಗಲಿಲ್ಲ, ಒಪ್ಪಿದೆ. ಉಪದೇಶಿಯನ್ನು ಒಂಬತ್ತು ವರ್ಷ ನೋಡಿದ್ದಿರಿ. ಅವರ ವಿಷಯವೂ ಗೊತ್ತಿರಲಿಲ್ಲವೇ?" ಎಂದಳು.

ಅಕ್ಕಿಯನ್ನು ಬುಟ್ಟಿಗೆ ತುಂಬಿ ಉಪದೇಶಿಯ ಮನೆಗೆ ಹೊತ್ತಳು. ಬಾಗಿಲಿಗೆ ಬೀಗವಿತ್ತು. ಅವನು ಹೆಂಡತಿ ಮಕ್ಕಳನ್ನು ಆಚೆ ದಡಕ್ಕೆ ಕರೆದೊಯ್ದಿದ್ದ. ಬಂದರಿನ ಕೂಲಿಯಿಂದ ಮಕ್ಕಳು ಎರಡು ಹೊತ್ತು ಉಣ್ಣುತ್ತಿದ್ದರು. ಭಾನುವಾರ ಮಾತ್ರ ಬಂದು ಆರಾಧನೆ ನಡೆಸಿ ಹೋಗುತ್ತಿದ್ದ. ಮುಂದಿನ ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿ ನಿಂತಿದ್ದಾಗ ಆ ಊರಿನಲ್ಲಿ ಇಬ್ಬರು ಸತ್ತರು. ಪ್ರಾರ್ಥನೆ ಹೇಳುವವರಿಲ್ಲದೆ ಅವರನ್ನು ಹಾಗೆಯೇ ಮಣ್ಣು ಮಾಡಿದರು.

ಅಯ್ಯನವರು ಕತೆ ನಿಲ್ಲಿಸಿದರು.

ಎಲೀಷನ ಮುಖ ಅರಳಿತು. "ತಿಳಿಯಿತು ಅಯ್ಯನವರೇ. ತಪ್ಪನ್ನು ತಪ್ಪೆನ್ನದವನು, ಔಷಧಿ ಬೇಡವೆನ್ನುವವನು, ಕೆಟ್ಟದ್ದಾದರೆ ಇನ್ನೊಬ್ಬರ ಮೇಲೆ ಹಾಕುವವನು. ಇವೇ ಗುರುತುಗಳು. ಬರುವ ಭಾನುವಾರ ಸಭೆಯಲ್ಲಿ ಓದಿ ಹೇಳುತ್ತೇನೆ. ಮತ್ತೇನಾದರೂ ಸೇರಿಸಬೇಕೇ?"

ಅಯ್ಯನವರು ಅವನನ್ನೇ ನೋಡಿದರು. ಎಷ್ಟು ಹೇಳಿದರೂ ಇಷ್ಟೇ ಎಂಬ ಬೇಸರ ಅವರ ಮುಖದಲ್ಲಿತ್ತು.

"ನಿಮ್ಮ ಊರಿನ ಉಪದೇಶಿಯ ಮನೆಯಲ್ಲಿ ಈ ಹೊತ್ತು ಏನು ಬೆಂದಿದೆ?" ಎಂದರು.

ಎಲೀಷ ಎದ್ದ. "ಹೋಗಿ ನೋಡುತ್ತೇನೆ," ಎಂದ.