ಚಿರತೆಯ ಹಿಕ್ಕೆ

ಹುಲ್ಲು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಚಿರತೆ ಕಾಡಿನ ನಾಯಕನಾಯಿತು. ಆಡುಗಳೇ ಮತ ಹಾಕಿ ಗೆಲ್ಲಿಸಿದ್ದವು. ಆಮೇಲೆ ಮರಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. “ದಾರಿ ತಪ್ಪಿರಬೇಕು,” ಎಂದಿತು ಚಿರತೆ.

ಸಗಣಿಹುಳ ತನ್ನ ಕಸುಬಿನಂತೆ ಚಿರತೆಯ ಹಿಕ್ಕೆ ಬಿಡಿಸಿತು. ಅದರಲ್ಲಿ ಹುಲ್ಲಿನ ಒಂದೆಳೆಯೂ ಇರಲಿಲ್ಲ; ಪುಟ್ಟದೊಂದು ಬಿಳಿ ಗೊರಸಿತ್ತು. ಹುಳಕ್ಕೆ ಮೈಯೆಲ್ಲ ಉರಿದುಹೋಯಿತು. ಹಿಕ್ಕೆಯನ್ನು ಉರುಳಿಸಿಕೊಂಡು ಬಂದು ತುಂಬಿದ ಸಭೆಯ ನಡುವೆ ಇಟ್ಟಿತು.

“ಬಾಯಿ ಸುಳ್ಳು ಹೇಳಬಹುದು ನಾಯಕರೇ, ಹಿಕ್ಕೆ ಹೇಳುವುದಿಲ್ಲ. ಇದು ಯಾರ ಗೊರಸು?”

ಚಿರತೆ ಮೀಸೆ ನೆಕ್ಕಿಕೊಂಡಿತು. “ನಾಯಕನ ಹಿಕ್ಕೆ ಕೆದಕುವುದು ಕಾಡಿಗೇ ಬಗೆದ ದ್ರೋಹ. ಇಂದಿನಿಂದ ನನ್ನ ಅಪ್ಪಣೆಯಿಲ್ಲದೆ ಯಾವ ಹುಳವೂ ಯಾವ ಹಿಕ್ಕೆಯನ್ನೂ ಬಿಡಿಸಕೂಡದು. ಈ ಹುಳವನ್ನು ಹಿಡಿದು ಬಿಲಕ್ಕೆ ತಳ್ಳಿ, ಮೇಲೆ ಕಲ್ಲು ಮುಚ್ಚಿ.”

ಆಡುಗಳು ಮುಖ ಸಿಂಡರಿಸಿದವು. ಮುಂದಿದ್ದ ತಾಯಿ ಆಡು ಎಲ್ಲರಿಗಿಂತ ಜೋರಾಗಿ ಬೈದಿತು. “ಸಭೆಗೆ ಹೊಲಸು ತಂದಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?”

“ಹೊಲಸು ನನ್ನದಲ್ಲ ತಾಯಿ, ನಾನು ಬಿಡಿಸಿದ್ದಷ್ಟೇ. ಒಮ್ಮೆ ಬಗ್ಗಿ ನೋಡು.”

ಆಡು ಬಗ್ಗಿ ನೋಡಿತು. ಇಡೀ ಹಿಂಡಿನಲ್ಲಿ ಬಿಳಿ ಗೊರಸಿದ್ದದ್ದು ಕಾಣೆಯಾಗಿದ್ದ ಅದರ ಹಿರಿಯ ಮರಿಗೆ ಮಾತ್ರ. ತಲೆಯೆತ್ತಿದರೆ, ಪಕ್ಕದಲ್ಲಿದ್ದ ಕಿರಿಯ ಮರಿಯ ಮೇಲೆ ಚಿರತೆಯ ಕಣ್ಣು ನೆಟ್ಟಿತ್ತು. ಆಡು ಕಾಲಿನಿಂದ ಮಣ್ಣು ಕೆದರಿ ಗೊರಸನ್ನು ಮುಚ್ಚಿತು.

ಕಾವಲಿನ ನರಿಗಳು ಎಳೆದೊಯ್ಯುತ್ತಿದ್ದರೂ ಹುಳ ತಿರುಗಿ ಹೇಳಿತು: “ಚೆನ್ನಾಗಿ ಮುಚ್ಚು ತಾಯಿ. ಈ ಮರಿಯೂ ಕಾಣೆಯಾದ ದಿನ, ಅದು ದಾರಿ ತಪ್ಪಿಲ್ಲ ಎಂದು ಹೇಳುವುದಕ್ಕೆ ಯಾರೂ ಇರುವುದಿಲ್ಲ.”