ಹಳೇ ಹೆಡ್ಡಿನ ಬೊಟ್ಟು

ಚನ್ನಕೇಶವಯ್ಯನವರ ಹಳೇ ಕಾರಿನ ಇಂಜಿನ್ ಹೆಡ್ಡು ಬಿರುಕು ಬಿಟ್ಟಿತ್ತು. “ಇದಕ್ಕಿಂತ ಒಳ್ಳೇದು ಹಾಕು. ಹಳೇದನ್ನ ತಂದು ತೋರಿಸು, ನಿಮ್ಮಂಥೋರನ್ನ ನಂಬೋಕಾಗಲ್ಲ!” ಎಂದು ಗ್ಯಾರೇಜಿನ ಮೇಸ್ತ್ರಿಗೆ ಎಲ್ಲರೆದುರೇ ಗದರಿದರು. ಹಳೇ ಹೆಡ್ಡಿಗೇ ಬಣ್ಣ ಬಳಿದು ಮತ್ತೆ ಕೂರಿಸಿಬಿಟ್ಟಾನೆಂದು, ಅವನು ಅತ್ತ ತಿರುಗಿದಾಗ ಅದರ ಮೇಲೆ ಕೀಲಿಕೈಯಿಂದ ಗುಟ್ಟಾಗಿ ಗುರುತು ಗೀಚಿಯೂ ಇಟ್ಟರು.

ರಿಪೇರಿ ಮುಗಿದ ದಿನ ಮೇಸ್ತ್ರಿ ಕಾರಿಗೆ ಪೂಜೆ ಇಟ್ಟುಕೊಂಡ. ಬೀದಿಯವರೆಲ್ಲ ಸೇರಿದರು. ಬಾಳೆಲೆಯ ಮೇಲೆ ತೊಳೆದ ಹಳೇ ಹೆಡ್ಡು. ಗೀಚಿದ ಜಾಗಕ್ಕೆ ಸರಿಯಾಗಿ ಕುಂಕುಮದ ಬೊಟ್ಟು!

“ನಿಮ್ಮ ಗುರುತು ನೋಡ್ಕೊಂಡೇ ಮಂಗಳಾರತಿ ತಗೊಳ್ಳಿ, ಸಾರ್,” ಎಂದ ಮೇಸ್ತ್ರಿ.

“ಯಾವ ಗುರುತು, ಅಯ್ಯನೋರೇ?” ಎಂದು ಪಕ್ಕದ ಹೂವಿನವಳು ಕೇಳಿದಳು.

ಅಯ್ಯನವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಲೆ ತಗ್ಗಿಸಿಯೇ ಕಾರು ಹತ್ತಿದರು. ಕಾರೇನೋ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವರ ಬಾಯಿ ಮಾತ್ರ ಮನೆ ಮುಟ್ಟಿದರೂ ಸ್ಟಾರ್ಟ್ ಆಗಲಿಲ್ಲ.